ಸೋಮವಾರದ ಹೊಟ್ಟೆನೋವು

ಆಗಸ್ಟ್ ಕೊನೆಯ ದಿನ ಹಾಜರಿ ಪುಸ್ತಕದ ಲೆಕ್ಕ ಕೂಡಿಸುತ್ತಾ ಕೂತಿದ್ದೆ. ನನ್ನದು ಏಳನೇ ಕ್ಲಾಸು, 42 ಮಕ್ಕಳು. ಒಂದು ಹೆಸರಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಜೂನ್‌ನಿಂದ ಒಟ್ಟು 11 ಗೈರು. ಅದರಲ್ಲಿ 8 ಸೋಮವಾರವೇ. ರಜೆ ಚೀಟಿಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ ಒಂದೇ ಕಾರಣ, ಹೊಟ್ಟೆನೋವು. ಅಕ್ಷರ ಅವರಮ್ಮನದು.

ಹೊಟ್ಟೆನೋವಿಗೆ ಇವತ್ತು ಯಾವ ವಾರ ಅಂತ ಗೊತ್ತಿರಲ್ಲ ಅಲ್ವಾ?

ಹುಡುಗನನ್ನು ಇಲ್ಲಿ ಪುಟ್ಟ ಎಂದು ಕರೆಯುತ್ತೇನೆ. ಬರೆಯುವ ಮೊದಲು ಅವನನ್ನೂ ಮನೆಯವರನ್ನೂ ಕೇಳಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾನು ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಟೀಚರ್. ಆಗ ನನಗೆ ಹದಿನಾರು ವರ್ಷದ ಸರ್ವೀಸು. ಆದರೂ ಈ ಹುಡುಗನ ವಿಷಯದಲ್ಲಿ ನಾನು ಮೊದಲು ಮಾಡಿದ ಎರಡು ಕೆಲಸವೂ ತಪ್ಪು. ಒಂದರಿಂದ ಅವನು ಮಾತು ನಿಲ್ಲಿಸಿದ. ಇನ್ನೊಂದರಿಂದ ಅವನ ಕಷ್ಟ ಜಾಸ್ತಿಯಾಯಿತು. ಎರಡನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ. ಅದೇ ತಪ್ಪನ್ನು ಇನ್ನೊಬ್ಬ ಟೀಚರ್, ಇನ್ನೊಬ್ಬ ಅಪ್ಪ ಅಮ್ಮ ಮಾಡುವುದು ಬೇಡ ಅಂತ.

ಮನೆ, ಭಟ್ಟಿ

ಪುಟ್ಟ ಐದನೇ ಕ್ಲಾಸಿನವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವನು. ಆರನೇ ಕ್ಲಾಸಿಗೆ ನಮ್ಮಲ್ಲಿಗೆ, ಇಂಗ್ಲಿಷ್ ಮೀಡಿಯಂಗೆ ಬಂದ. ಅವರಪ್ಪನದು ಮಂಡಕ್ಕಿ ಭಟ್ಟಿ. ದಾವಣಗೆರೆಯವರಿಗೆ ಭಟ್ಟಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗಾಗಿ ಎರಡು ಮಾತು. ಭತ್ತ ನೆನೆಸಿ, ಹುರಿದು, ಒಣಗಿಸಿ, ಅಕ್ಕಿ ಮಾಡಿಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಸುರಿದು ತಿರುವುತ್ತಾರೆ. ನೋಡುನೋಡುತ್ತಲೇ ಅಕ್ಕಿ ಉಬ್ಬಿ ಮಂಡಕ್ಕಿ ಆಗುತ್ತದೆ. ಜರಡಿ ಹಿಡಿದು ಮರಳು ಬೇರೆ ಮಾಡಿ ಚೀಲಕ್ಕೆ ತುಂಬುತ್ತಾರೆ. ನಸುಕಿನಲ್ಲೇ ಒಲೆ ಹತ್ತಿಸಿದರೆ ಆಯಿತು, ಹೊಗೆ, ಮಸಿ, ಸೆಕೆ. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಂದೆ ನಿಲ್ಲದವರು ನಮ್ಮೂರಲ್ಲಿ ಯಾರಿದ್ದಾರೆ? ಪುಟ್ಟನನ್ನು ಆಡಿಕೊಂಡ ಮಕ್ಕಳೂ ಅಲ್ಲಿ ನಿಂತು ತಿನ್ನುವವರೇ.

ಭಾನುವಾರ ಪುಟ್ಟ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಭಟ್ಟಿಗೆ ಹೋಗುತ್ತಿದ್ದ. ಸಂಜೆವರೆಗೆ ಅಲ್ಲೇ ಕೂತು ಯಾವ ಅಂಗಡಿಗೆ ಎಷ್ಟು ಚೀಲ ಹೋಯಿತು ಅಂತ ಲೆಕ್ಕ ಬರೆಯುತ್ತಿದ್ದ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೂ ಕೂದಲಲ್ಲಿ, ಉಗುರು ಸಂದಿಯಲ್ಲಿ ಹೊಗೆ ವಾಸನೆ ಸ್ವಲ್ಪ ಉಳಿಯುತ್ತಿತ್ತು.

ಸೋಮವಾರದ ಗುಟ್ಟು ಇಷ್ಟೇ. ಇದು ನನಗೆ ಗೊತ್ತಾಗಲು ಆರು ವಾರ ಬೇಕಾಯಿತು.

ನನ್ನ ಎರಡು ತಪ್ಪು

ಮೊದಲ ಸಲ ಸ್ಟಾಫ್ ರೂಮಿಗೆ ಕರೆದು ಕೇಳಿದಾಗ ಪುಟ್ಟ "ಏನಿಲ್ಲ ಮಿಸ್" ಅಂದ. ಎರಡನೇ ಸಲವೂ ಅದೇ. ಮೂರನೇ ದಿನ ನೆಲ ನೋಡುತ್ತಾ ಹೇಳಿದ, "ನನಗೆ ಹೊಗೆ ಅಂತಾರೆ ಮಿಸ್."

ನಾನು ಏನು ಹೇಳಿದೆ ಗೊತ್ತಾ? "ಅಷ್ಟೇನಾ? ಅದಕ್ಕೆಲ್ಲ ತಲೆ ಕೆಡಿಸಿಕೊಂಡರೆ ಹೇಗೋ? ಸ್ವಲ್ಪ ಗಟ್ಟಿ ಆಗಬೇಕು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬೆನ್ನು ತಟ್ಟಿಯೇ ಹೇಳಿದ್ದು. ಅವನು "ಸರಿ ಮಿಸ್" ಅಂದು ಹೋದ. ಆಮೇಲೆ ಹಲವು ವಾರ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ತುಂಬಾ ಕಷ್ಟಪಟ್ಟು ಒಂದು ವಾಕ್ಯ ಹೊರಗೆ ತಂದಿದ್ದ. ನಾನು "ಅಷ್ಟೇನಾ" ಅಂದುಬಿಟ್ಟಿದ್ದೆ.

ಸ್ವಲ್ಪ ದಿನಕ್ಕೆ ಅವನ ನೀರಿನ ಬಾಟಲಿ ಶೌಚಾಲಯದ ಚಾವಣಿ ಶೀಟಿನ ಮೇಲೆ ಬಿದ್ದಿದ್ದು ಕಾಣಿಸಿತು. ಹಾಕಿದವರು ಯಾರು ಅಂತ ವಿಚಾರಿಸಿ ಮೂವರನ್ನು ಕ್ಲಾಸಿನ ಮುಂದೆ ನಿಲ್ಲಿಸಿದೆ. ಚೆನ್ನಾಗಿ ಬೈದೆ. ಪುಟ್ಟನನ್ನೂ ಕರೆದು ಕೈ ಕುಲುಕಿಸಿದೆ. "ಸಾರಿ ಕೇಳಿ, ಇವತ್ತಿನಿಂದ ಎಲ್ಲರೂ ಫ್ರೆಂಡ್ಸ್" ಅಂದೆ. ಮೂವರೂ ಸಾರಿ ಅಂದರು. ಮುಗಿಯಿತು ಅಂದುಕೊಂಡೆ.

ಆಮೇಲೆ ಶುರುವಾದದ್ದು ಕೆಮ್ಮು.

ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಒಂದು ಕೆಮ್ಮು. ಕಿಟಕಿ ಕಡೆಯಿಂದ ಇನ್ನೊಂದು. ನಡುವಿನ ಸಾಲಿನಿಂದ ಮೂರನೆಯದು. ಸೆಪ್ಟೆಂಬರ್ ಮಳೆ, ಮಕ್ಕಳಿಗೆ ಶೀತ ಆಗಿರಬೇಕು ಅಂದುಕೊಂಡು ಬರೆಯುವುದನ್ನು ಮುಂದುವರಿಸಿದೆ. ದಿನಾ ಹೀಗೇ. ಪುಟ್ಟ ಎದ್ದು ಉತ್ತರ ಹೇಳಲು ನಿಂತರೆ ಕೆಮ್ಮು. ಬಾಗಿಲಲ್ಲಿ ಕಂಡರೆ ಕೆಮ್ಮು. ಹೊಗೆ ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. ಕೆಮ್ಮಿದ್ದಕ್ಕೆ ಯಾವ ಟೀಚರ್ ಶಿಕ್ಷೆ ಕೊಡುತ್ತಾರೆ?

ಒಂದು ದಿನ ಪೀರಿಯಡ್ ಮುಗಿದ ಮೇಲೆ ಎರಡನೇ ಬೆಂಚಿನ ಒಬ್ಬ ಹುಡುಗಿ ಬ್ಯಾಗ್ ಸರಿ ಮಾಡುವ ನೆಪದಲ್ಲಿ ಉಳಿದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಹೇಳಿದಳು, "ಮಿಸ್, ಅವರಿಗೆ ಕೆಮ್ಮು ಇಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಬೆನ್ನ ಹಿಂದೆಯೇ ವಾರಗಟ್ಟಲೆ ನಡೆದಿತ್ತು.

ಇದು ಜಗಳ ಅಲ್ಲ ಅನ್ನುವುದು ನನಗೆ ಮೊದಲೇ ಹೊಳೆಯಬೇಕಿತ್ತು. ಬುಲ್ಲಿಯಿಂಗ್, ಅಂದರೆ ಮಕ್ಕಳು ಒಬ್ಬರನ್ನು ಗುರಿ ಮಾಡಿ ಕಾಡುವುದು. ಇದರ ಬಗ್ಗೆ 1970ರ ದಶಕದಲ್ಲೇ ಸಂಶೋಧನೆ ಶುರು ಮಾಡಿದವರು ಡಾನ್ ಓಲ್ವಿಯಸ್ ಎಂಬ ಮನೋವಿಜ್ಞಾನಿ. ಅವರು ಮೂರು ಗುರುತು ಹೇಳುತ್ತಾರೆ. ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಮಾಡುವವರ ಕೈ ಮೇಲಾಗಿರುವುದು. ಜಗಳದಲ್ಲಿ ಇಬ್ಬರಿಗೂ ಸಮ ಬಲ, ಇಬ್ಬರದೂ ಸ್ವಲ್ಪ ಸ್ವಲ್ಪ ತಪ್ಪು. ಅಲ್ಲಿ ಕೈ ಕುಲುಕಿಸಿದರೆ ಮುಗಿಯುತ್ತದೆ. ಇಲ್ಲಿ ಒಬ್ಬನ ಎದುರು ಐದು ಜನ. ಈ ಹುಡುಗನ ಪಾಲಿನದು ಅಂತ ತಪ್ಪೇ ಇಲ್ಲ. ಅವನ ಕೈಯಲ್ಲೂ ಕೈ ಕುಲುಕಿಸಿ ನಾನು ಹೇಳಿದ್ದೇನು? ನೀನೂ ಇದರಲ್ಲಿ ಪಾಲುದಾರ ಅಂತ. ಉಳಿದವರಿಗೆ ಗೊತ್ತಾಗಿದ್ದೇನು? ಮುಂದಿನ ಸಲ ಮಿಸ್‌ಗೆ ಕಾಣದ ಹಾಗೆ ಮಾಡಬೇಕು ಅಂತ.

ಜಾಮಿಟ್ರಿ ಬಾಕ್ಸು

ಮನೆಯಲ್ಲಿ ಪುಟ್ಟನಿಗೆ ಮೂರು ಥರದ ಬುದ್ಧಿಮಾತು ಸಿಗುತ್ತಿತ್ತು. ಅಜ್ಜಿ, "ಹುಡುಗ್ರು ಅಂದ್ಮೇಲೆ ಇರೋದೇ, ಕಿವಿಗೆ ಹಾಕ್ಕೋಬೇಡ" ಅನ್ನುತ್ತಿದ್ದರು. ಅಮ್ಮ ಸೋಮವಾರ ಬೆಳಗ್ಗೆ ಅವನ ಮುಖ ನೋಡಲಾರದೆ ರಜೆ ಚೀಟಿ ಬರೆದುಕೊಡುತ್ತಿದ್ದರು. ಅಪ್ಪಾಜಿ ಹೇಳಿದ್ದು, "ಸುಮ್ನೆ ಬರಬೇಡ. ಒಂದು ಕೊಟ್ಟು ಬಾ. ಆಮೇಲೆ ಯಾರೂ ನಿನ್ನ ತಂಟೆಗೆ ಬರಲ್ಲ."

ಅವನು ಅಪ್ಪಾಜಿ ಮಾತು ಕೇಳಿದ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ಕೆಮ್ಮಿದ ಹುಡುಗನ ಮೇಲೆ ಜಾಮಿಟ್ರಿ ಬಾಕ್ಸ್ ಬೀಸಿ ಎಸೆದ. ಹುಬ್ಬಿನ ಮೇಲೆ ತಗಲಿ ಎರಡು ಹೊಲಿಗೆ ಬಿತ್ತು. ಕಣ್ಣಿಗೆ ತಗಲಿದ್ದರೆ ಏನು ಗತಿ? ಅಷ್ಟು ದಿನ ನೋವು ತಿಂದ ಹುಡುಗ ಒಂದೇ ನಿಮಿಷದಲ್ಲಿ ತಪ್ಪಿತಸ್ಥನಾದ. ಆ ಹುಡುಗನ ಮನೆಯವರು ಬಂದರು. ಪುಟ್ಟನ ಅಪ್ಪ ಕೆಲಸದ ಬಟ್ಟೆಯಲ್ಲೇ ಬಂದು ಹೆಡ್ ಮಾಸ್ಟರ್ ರೂಮಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತರು. ಕುರ್ಚಿಗೆ ಮಸಿ ತಾಗಬಾರದು ಅಂತ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

"ನಾವು ಭಟ್ಟಿ ಕೆಲಸದವರು ಮೇಡಂ. ಈ ಸ್ಕೂಲು ನಮಗೆ ಆಗಿಬರಲ್ಲ. ಟೀಸಿ ಕೊಟ್ಟುಬಿಡ್ರಿ" ಅಂದರು.

ನಾನು ಜನವರಿವರೆಗೆ ಸಮಯ ಕೇಳಿದೆ. ಏನು ಮಾಡುತ್ತೇನೆ ಅಂತ ಆಗ ನನಗೇ ಗೊತ್ತಿರಲಿಲ್ಲ.

ಪರೀಕ್ಷಾ ನಳಿಗೆ ತೊಳೆಯುತ್ತಾ

ದಸರಾ ರಜೆಯಲ್ಲಿ ಗೆಳತಿಯೊಬ್ಬಳ ಜೊತೆ ಕುಂದವಾಡ ಕೆರೆ ಏರಿ ಮೇಲೆ ನಡೆಯುತ್ತಾ ಇದನ್ನೆಲ್ಲ ಹೇಳಿಕೊಂಡೆ. ಅವಳು ಮಕ್ಕಳ ಆಪ್ತಸಮಾಲೋಚಕಿ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಆ ಹುಡುಗ ನಿಮ್ಮ ಶಾಲೆಯಲ್ಲಿ ದಿನಾ ಯಾರ ಜೊತೆ ಮಾತಾಡ್ತಾನೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳು ಕವಾಯಿ ದ್ವೀಪದ ಅಧ್ಯಯನದ ವಿಷಯ ಹೇಳಿದಳು. ಎಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು ಹವಾಯಿಯ ಆ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸಿದರು. ಬಡತನ, ಮನೆ ಜಗಳ, ಕಾಯಿಲೆ ಹೀಗೆ ಹಲವು ಕಷ್ಟ ಒಟ್ಟಿಗೆ ಕಂಡ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡ ಒಂದು ವಿಷಯ, ಕೈಬಿಡದೆ ಜೊತೆಗಿದ್ದ ಒಬ್ಬ ದೊಡ್ಡವರು. ಅಪ್ಪ ಅಮ್ಮನೇ ಆಗಬೇಕಂತಿಲ್ಲ. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಟೀಚರ್, ಯಾರಾದರೂ ಸರಿ.

ಗಟ್ಟಿ ಆಗು ಅಂತ ನಾನು ಪುಟ್ಟನಿಗೆ ಹೇಳಿದ್ದೆ. ಆ ಗಟ್ಟಿತನ ಎಲ್ಲಿಂದ ತರಬೇಕು ಅಂತ ಹೇಳಿರಲಿಲ್ಲ. ಅವನು ಒಬ್ಬನೇ ಕೂತು ಒಳಗಿನಿಂದ ಹುಟ್ಟಿಸಿಕೊಳ್ಳುವ ವಸ್ತು ಅದಲ್ಲ. ಮೊದಲು ಸುತ್ತಲಿನವರು ಕೊಡಬೇಕು. ಈ ಪ್ರಕರಣದಲ್ಲಿ ನಾನು ಕಲಿತದ್ದು ಇದನ್ನೇ. ಮುಂದೆ ಮಾಡಿದ್ದೆಲ್ಲ ಇದರ ಮೇಲೆಯೇ ನಿಂತಿತು.

ಗೆಳತಿ ಹೇಳಿಕೊಟ್ಟ ಮೊದಲ ಕೆಲಸ ದಿನಕ್ಕೆ ಹತ್ತು ನಿಮಿಷ. ಎದುರು ಬದುರು ಕೂರಿಸಿಕೊಂಡು ಕೇಳಿದರೆ ಮಕ್ಕಳು ಬಾಯಿ ಬಿಡಲ್ಲ, ಕೈಗೆ ಏನಾದರೂ ಕೆಲಸ ಕೊಡು ಅಂದಳು. ನಮ್ಮ ಲ್ಯಾಬಿನಲ್ಲಿ ಪರೀಕ್ಷಾ ನಳಿಗೆಗಳಿಗೇನು ಬರ! ಕೊನೆಯ ಪೀರಿಯಡ್ ಆದ ಮೇಲೆ ನಾನು ತೊಳೆಯುತ್ತಿದ್ದೆ, ಪುಟ್ಟ ಒರೆಸಿ ಸ್ಟ್ಯಾಂಡಿಗೆ ಹಾಕುತ್ತಿದ್ದ. ಮೊದಲ ವಾರ ಬುದ್ಧಿ ಹೇಳುವುದು ಪೂರ್ತಿ ಬಂದ್. "ಆಮೇಲೆ ಏನಾಯ್ತು?" "ಆಗ ನಿನಗೆ ಏನನ್ನಿಸ್ತು?" "ಇದು ನಿನ್ನ ತಪ್ಪಲ್ಲ." ನಾನು ಆಡಬಹುದಾಗಿದ್ದು ಈ ಮೂರು ಮಾತು ಮಾತ್ರ. ಹದಿನಾರು ವರ್ಷ ಬರೀ ಹೇಳಿಕೊಟ್ಟ ಬಾಯಿಗೆ ಇದು ಎಷ್ಟು ಕಷ್ಟ ಅಂತ ಟೀಚರ್‌ಗಳಿಗೆ ಗೊತ್ತು.

ಮೂರು ದಿನ ಅವನು ಮಾತಾಡಲಿಲ್ಲ. ನಾಲ್ಕನೇ ದಿನ ಒಂದು ನಳಿಗೆಯನ್ನು ಒರೆಸಿದ್ದನ್ನೇ ಒರೆಸುತ್ತಾ ಕೇಳಿದ. "ಮಿಸ್, ನನ್ನಿಂದ ನಿಜವಾಗ್ಲೂ ವಾಸನೆ ಬರುತ್ತಾ?"

ಆಗಲೇ ಅವನ ಕೈ ನೋಡಿದೆ. ಬೆರಳ ಗೆಣ್ಣುಗಳ ಮೇಲೆ ಚರ್ಮ ಬಿಳಿಚಿ ಸುಲಿದಿತ್ತು. ಬಟ್ಟೆ ಸೋಪು ಹಾಕಿ, ಬಟ್ಟೆ ಒಗೆಯುವ ಬ್ರಷ್ಷಿನಿಂದ ತಿಕ್ಕುತ್ತಿದ್ದನಂತೆ. ಭಾನುವಾರ ರಾತ್ರಿ ಒಂದು ಸಲ, ಸೋಮವಾರ ಬೆಳಗ್ಗೆ ಒಂದು ಸಲ.

ಇಲ್ಲಪ್ಪ, ಏನೂ ಬರಲ್ಲ ಅಂತ ಹೇಳಿಬಿಡಬಹುದಿತ್ತು. ಆದರೆ ಅದು ಸುಳ್ಳು ಅಂತ ಅವನಿಗೆ ಗೊತ್ತು. ಆಮೇಲೆ ನನ್ನ ಯಾವ ಮಾತನ್ನೂ ಅವನು ನಂಬುತ್ತಿರಲಿಲ್ಲ. "ಸೋಮವಾರ ಸ್ವಲ್ಪ ಹೊಗೆ ವಾಸನೆ ಬರುತ್ತೆ. ನಿನ್ನಲ್ಲಿ ಏನೋ ಕೆಟ್ಟದ್ದಿದೆ ಅಂತ ಅಲ್ಲ, ನೀನು ಅಪ್ಪನ ಹತ್ತಿರ ಕೂತಿದ್ದೆ ಅಂತ. ನನ್ನ ಕೈ ನೋಡು" ಅಂದೆ. ಅವನು ಬಗ್ಗಿ ಮೂಸಿದ. ಸೀಮೆಸುಣ್ಣ, ಅದರ ಜೊತೆ ಬೆಳಗ್ಗೆ ಒಗ್ಗರಣೆಗೆ ಜಜ್ಜಿದ ಬೆಳ್ಳುಳ್ಳಿ. ಮುಖದಲ್ಲಿ ಸಣ್ಣ ನಗು ಬಂತು. ಅವತ್ತು ಮನೆಗೆ ಹೋಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ ಅಂತಷ್ಟೇ ಹೇಳಿ ಕಳಿಸಿದೆ.

ಮುಂದಿನ ವಾರ ಅವನಿಂದ ಶಾಲೆಯ ನಕ್ಷೆ ಬರೆಸಿದೆ. ಎಲ್ಲೆಲ್ಲಿ ತೊಂದರೆ ಆಗುತ್ತದೋ ಅಲ್ಲಿ ಕೆಂಪು ಚುಕ್ಕೆ ಇಡು ಅಂದೆ. ನೀರಿನ ಟ್ಯಾಂಕಿನ ಹಿಂದೆ, ಮೆಟ್ಟಿಲು ತಿರುಗುವಲ್ಲಿ, ಶೌಚಾಲಯದ ಬಾಗಿಲಲ್ಲಿ, ಮನೆಗೆ ಹೋಗುವ ಆಟೋದಲ್ಲಿ. ಕ್ಲಾಸಿನ ಒಳಗಿನ ಕೆಮ್ಮು ಬಿಟ್ಟರೆ, ನಾವು ಟೀಚರ್‌ಗಳು ನಿಲ್ಲುವ ಜಾಗದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಆ ಹಾಳೆಯನ್ನು ಹೆಡ್ ಮಾಸ್ಟರ್ ಟೇಬಲ್ ಮೇಲೆ ಇಟ್ಟೆ. ಮಾರನೇ ದಿನದಿಂದ ಊಟದ ಹೊತ್ತಿನಲ್ಲಿ ಡ್ಯೂಟಿ ಟೀಚರ್ ನಿಲ್ಲುವ ಜಾಗ ಬದಲಾಯಿತು. ಖರ್ಚಿಲ್ಲದ ಕೆಲಸ. ಬೇರೆ ಯಾವುದನ್ನು ಮಾಡಲಾಗದ ಶಾಲೆಯೂ ಇದನ್ನು ಮಾಡಬಹುದು.

ಆಮೇಲೆ ಉತ್ತರ ಕೊಡುವ ಅಭ್ಯಾಸ. ಕೆಣಕುವವರಿಗೆ ಬೇಕಾಗಿರುವುದು ಅಳು ಅಥವಾ ಸಿಟ್ಟು. ಎರಡೂ ಸಿಗದಿದ್ದರೆ ಆಟದ ರುಚಿ ಕಡಿಮೆಯಾಗುತ್ತದೆ. ಆದರೆ ಅಳಬೇಡ ಅಂದರೆ ಅಳು ನಿಲ್ಲುತ್ತಾ? ಮೈಗೆ ರೂಢಿ ಮಾಡಿಸಬೇಕು. ಖಾಲಿ ಲ್ಯಾಬಿನಲ್ಲಿ ನಾನು ಕೆಣಕುವ ಹುಡುಗನ ಪಾತ್ರ ಮಾಡಿದೆ. ಮೊದಲ ಸಲ ನಾನು ಕೆಮ್ಮಿದಾಗ, ಆಟ ಅಂತ ಗೊತ್ತಿದ್ದೂ ಅವನ ಕಣ್ಣು ತುಂಬಿತು. ನಿಲ್ಲಿಸಿದೆವು. ಎರಡು ದಿನ ಬಿಟ್ಟು ಮತ್ತೆ ಶುರು ಮಾಡಿದೆವು. ಮೊದಲು ಉಸಿರು ನಿಧಾನಕ್ಕೆ ಬಿಡುವುದು. ಭುಜ ಕುಗ್ಗಿಸದೆ ನಿಲ್ಲುವುದು. ಒಂದೇ ವಾಕ್ಯ ಹೇಳಿ, ಜನ ಇರುವ ಕಡೆಗೆ ನಡೆದುಹೋಗುವುದು. ವಾಕ್ಯ ಯಾವುದು ಅಂತ ನಾನು ಮೂರು ನಾಲ್ಕು ಹೇಳಿಕೊಟ್ಟೆ. ಒಂದೂ ಅವನಿಗೆ ಒಪ್ಪಿಗೆಯಾಗಲಿಲ್ಲ. "ಹೌದು, ನಮ್ಮದು ಭಟ್ಟಿ" ಅಂತ ಅವನೇ ಆರಿಸಿಕೊಂಡ. ನನ್ನ ವಾಕ್ಯಗಳಿಗಿಂತ ಅದು ಎಷ್ಟೋ ಚೆನ್ನಾಗಿತ್ತು.

ಇನ್ನೊಂದು ವಿಷಯ ಬಿಡಿಸಿ ಹೇಳಬೇಕಾಯಿತು. ಟೀಚರ್‌ಗೆ ಹೇಳಿದರೆ ಚಾಡಿಕೋರ ಅಂತಾರೆ ಅನ್ನುವುದು ಅವನ ಹೆದರಿಕೆ. ಒಬ್ಬನನ್ನು ಸಿಕ್ಕಿಹಾಕಿಸಬೇಕು ಅಂತ ಹೇಳಿದರೆ ಚಾಡಿ. ಕಷ್ಟದಿಂದ ಒಬ್ಬರನ್ನು ಬಿಡಿಸಬೇಕು ಅಂತ ಹೇಳಿದರೆ, ಆ ಒಬ್ಬರು ನೀನೇ ಆಗಿದ್ದರೂ, ಅದು ಸಹಾಯ ಕೇಳುವುದು. ಇದನ್ನು ಆಮೇಲೆ ಇಡೀ ಕ್ಲಾಸಿಗೂ ಹೇಳಿದೆ.

ಉಳಿದ 36 ಮಕ್ಕಳು

ಕೆಮ್ಮುತ್ತಿದ್ದವರು ಐದು ಜನ. ಪುಟ್ಟ ಒಬ್ಬ. ಉಳಿದ 36 ಮಕ್ಕಳು ಏನು ಮಾಡುತ್ತಿದ್ದರು? ಕೆಲವರು ನಗುತ್ತಿದ್ದರು. ಜಾಸ್ತಿ ಮಕ್ಕಳು ಪುಸ್ತಕ ನೋಡುತ್ತಿದ್ದರು.

ಫಿನ್ಲೆಂಡಿನ ಮನೋವಿಜ್ಞಾನಿ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಕಾಡುವವನು, ಕಾಡಿಸಿಕೊಳ್ಳುವವನು ಇಬ್ಬರೇ ಅಲ್ಲ, ಕ್ಲಾಸಿನ ಒಬ್ಬೊಬ್ಬರಿಗೂ ಒಂದು ಪಾತ್ರ ಇರುತ್ತದೆ. ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ದೂರ ಇರುವವರು, ಪರ ನಿಲ್ಲುವವರು. ಕೆನಡಾದ ಟೊರಾಂಟೊ ಶಾಲೆಗಳ ಆಟದ ಬಯಲಿನಲ್ಲಿ ವಿಡಿಯೋ ಮಾಡಿ ನಡೆಸಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಬ್ಬರನ್ನು ಕಾಡಿದ ಪ್ರತಿ 100 ಸಂದರ್ಭಗಳಲ್ಲಿ 88ರಲ್ಲಿ ಬೇರೆ ಮಕ್ಕಳು ನೋಡುತ್ತಾ ನಿಂತಿದ್ದರು. ನಡುವೆ ಬಂದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ 10 ಸೆಕೆಂಡಿನೊಳಗೆ ಕಾಟ ನಿಂತುಹೋಯಿತು.

ಹತ್ತು ಸೆಕೆಂಡು! ನಾನು ಬೈದಿದ್ದು ಇಪ್ಪತ್ತು ನಿಮಿಷ.

ನಾನು ಇಡೀ ಕ್ಲಾಸಿಗೆ ಭಾಷಣ ಮಾಡಲಿಲ್ಲ. ಮಾಡಿದ್ದರೆ ಎಲ್ಲರ ಕಣ್ಣೂ ಪುಟ್ಟನ ಮೇಲೆಯೇ. ಎರಡನೇ ಬೆಂಚಿನ ಆ ಹುಡುಗಿಯನ್ನೂ, ಎಲ್ಲರಿಗೂ ಬೇಕಾದ ಇನ್ನೊಬ್ಬ ಹುಡುಗನನ್ನೂ ಬೇರೆ ಬೇರೆಯಾಗಿ ಕರೆದು ಮಾತಾಡಿದೆ. ಹುಡುಗಿ ಮೊದಲು ಹೇಳಿದ್ದು, "ನಾನು ಯಾವತ್ತೂ ನಗಲಿಲ್ಲ ಮಿಸ್." ಅವಳಿಗೂ ಅಷ್ಟು ದಿನ ಒಳಗೊಳಗೇ ಕೊರೆಯುತ್ತಿತ್ತು. ಜಗಳಕ್ಕೆ ಹೋಗಬೇಡಿ, ಯಾರಿಗೂ ಬುದ್ಧಿ ಹೇಳಬೇಡಿ ಅಂದೆ. ಕೆಮ್ಮು ಕೇಳಿಸಿದ ಕೂಡಲೇ ಅವನ ಹೆಸರು ಹಿಡಿದು ಕರೆಯಿರಿ, ಅಷ್ಟೇ. "ಬಾರೋ, ಊಟಕ್ಕೆ ಹೋಗೋಣ." "ಗಣಿತದ ನೋಟ್ಸ್ ಕೊಡೋ."

ಮೂರನೇ ದಿನ ವರಾಂಡದಲ್ಲಿ ನಾನೇ ನೋಡಿದೆ. ಒಂದು ಕೆಮ್ಮು ಬಂತು. ಪುಟ್ಟನ ಭುಜ ಮೇಲೆ ಹೋಯಿತು. ಆ ಹುಡುಗ ತಿರುಗಿಯೂ ನೋಡದೆ, "ಲೇ, ಬೇಗ ಬಾ, ಕೈ ತೊಳೆಯೋಕೆ ಲೈನ್ ಆಗುತ್ತೆ" ಅಂದ. ಪುಟ್ಟ ಹೋದ. ಎರಡನೇ ಕೆಮ್ಮು ಬರಲಿಲ್ಲ.

ಮೊದಲು ಕೆಮ್ಮಿದವನು

ಮುಂದಾಳು ಹುಡುಗನ ಬಗ್ಗೆ ಬರೆಯದಿದ್ದರೆ ಅನ್ಯಾಯ. ಅವನೂ ಹನ್ನೆರಡು ವರ್ಷದ ಮಗುವೇ. ಒಬ್ಬನನ್ನೇ ಕರೆದು ಮಾತಾಡಿದೆ. ಪುಟ್ಟನ ಎದುರು ಅಲ್ಲ, ಗೆಳೆಯರ ಎದುರೂ ಅಲ್ಲ. ಯಾವ ದಿನ, ಎಲ್ಲಿ, ಏನು ಮಾಡಿದೆ ಅಂತ ನೋಡಿಕೊಂಡು ಬರೆದಿಟ್ಟ ಪಟ್ಟಿ ಓದಿದೆ. ದನಿ ಎತ್ತಲಿಲ್ಲ. "ಇದು ನಿಲ್ಲಬೇಕು, ದಿನಾ ನೋಡ್ತೀನಿ" ಅಂದೆ. ಎರಡು ವಾರ ಊಟದ ಹೊತ್ತು ಸ್ಟಾಫ್ ರೂಮ್ ಪಕ್ಕದಲ್ಲೇ ಕೂರಬೇಕಾಯಿತು. ಸಂಜೆ ನನಗೆ ಮುಖ ತೋರಿಸಿಯೇ ಮನೆಗೆ ಹೋಗಬೇಕಿತ್ತು. ಮಾತಾಡುತ್ತಾ ಗೊತ್ತಾಯಿತು, ಮನೆಯಲ್ಲಿ ಅಣ್ಣನ ಮಾರ್ಕ್ಸ್ ಎತ್ತಿ ಇವನನ್ನು ದಿನಾ ಹಂಗಿಸುತ್ತಾರೆ. ಅದಕ್ಕಾಗಿ ಅವನು ಮಾಡಿದ್ದು ಸರಿ ಆಗಲ್ಲ. ಆದರೆ ಅವರಮ್ಮನನ್ನು ಕರೆಸಿದಾಗ ಏನು ಮಾತಾಡಬೇಕು ಅಂತ ನನಗೆ ತಿಳಿಯಿತು. ಅವರು ಮೊದಲು, "ಹೊಲಿಗೆ ಬಿದ್ದಿದ್ದು ನಮ್ಮ ಹುಡುಗನಿಗಲ್ವಾ ಮೇಡಂ?" ಅಂದರು. ಅದೂ ನಿಜ. ಆ ಗಾಯಕ್ಕೆ ಪುಟ್ಟ ಕ್ಷಮೆ ಕೇಳಿದ್ದ. ಬಾಕ್ಸ್ ಎಸೆದದ್ದು ಮಾತ್ರ ಅವನ ತಪ್ಪು.

ಸ್ಟಾಫ್ ಮೀಟಿಂಗಿನಲ್ಲಿ ಒಂದು ಮಾತು ಹೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಏಟು ಕೊಡುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ನಾವೇ ಮಕ್ಕಳಿಗೆ "ಕುಳ್ಳ", "ದಡ್ಡ" ಅಂತ ಅಡ್ಡ ಹೆಸರು ಇಡುತ್ತಿದ್ದರೆ ಅವರು ಕಲಿಯುವುದು ಯಾರಿಂದ? ಯಾರೂ ಎದುರಾಡಲಿಲ್ಲ.

"ಬೇಡ ಮಿಸ್"

ಏಳನೇ ಕ್ಲಾಸಿನ ವಿಜ್ಞಾನದಲ್ಲಿ ಉಷ್ಣದ ಪಾಠ ಇದೆ. ನನಗೆ ಆಸೆಯಾಯಿತು. ಪುಟ್ಟನ ಅಪ್ಪನನ್ನು ಕರೆಸೋಣ, ಮರಳಿನ ಬಿಸಿಗೆ ಅಕ್ಕಿಯೊಳಗಿನ ತೇವ ಆವಿಯಾಗಿ ಒತ್ತಿ ಅಕ್ಕಿ ಹೇಗೆ ಉಬ್ಬುತ್ತದೆ ಅಂತ ತೋರಿಸೋಣ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ ಅಂತ. ಗೆಳತಿ ಫೋನಿನಲ್ಲೇ ತಡೆದಳು. "ಮೊದಲು ಅವನನ್ನ ಕೇಳು."

ಕೇಳಿದೆ. "ಬೇಡ ಮಿಸ್. ಭಟ್ಟಿ ವಿಷಯ ಬೇಡ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಖೋ ಖೋ ಟೀಮಿಗೆ ಸೇರಬಹುದಾ?" ಅಂತ ಕೇಳಿದ.

ನಾನು ಅವನ ಗಾಯವನ್ನೇ ನೋಡುತ್ತಾ ಕೂತಿದ್ದೆ. ಅವನಿಗೆ ಗಾಯದ ಸುದ್ದಿಯೇ ಇಲ್ಲದ ಒಂದು ಜಾಗ ಬೇಕಿತ್ತು. ಕಾಲು ಚುರುಕು, ತಿರುಗುವುದರಲ್ಲಿ ಜಾಣ. ಟೀಮಿನಲ್ಲಿ ಜಾಸ್ತಿ ಇದ್ದವರು ಎಂಟು, ಒಂಬತ್ತನೇ ಕ್ಲಾಸಿನವರು. ಅವರಿಗೆ ಅವನು ಹೊಗೆ ಅಲ್ಲ, ಕೈಗೆ ಸಿಗದೆ ಓಡುವ ಹುಡುಗ. ದಿನಾ ಸಂಜೆ ಮುಕ್ಕಾಲು ಗಂಟೆ ಮಣ್ಣಿನಲ್ಲಿ ಬಿದ್ದು ಎದ್ದು ಬರುತ್ತಿದ್ದ. ಆಗ ಎಲ್ಲರ ಮೈಯಿಂದಲೂ ಒಂದೇ ವಾಸನೆ.

ನವೆಂಬರ್

ಎಲ್ಲ ಸರಿಹೋಯಿತು ಅನ್ನುವಾಗ ದೀಪಾವಳಿ ರಜೆ ಕಳೆದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಟಿಕರ್ ಓಡಾಡಿತು. ಪುಟ್ಟನ ಫೋಟೋ, ತಲೆಯಿಂದ ಹೊಗೆ. ಅಪ್ಪ ಅಮ್ಮಂದಿರ ಫೋನಿನಲ್ಲಿ ಮಕ್ಕಳು ಮಾಡಿಕೊಂಡಿದ್ದ ಗ್ರೂಪು ಅದು. ಶಾಲೆಯ ಕಾಟ ಗೇಟಿನಲ್ಲೇ ನಿಲ್ಲುತ್ತದೆ. ಇದು ರಾತ್ರಿ ಹಾಸಿಗೆವರೆಗೂ ಬರುತ್ತದೆ.

ಆದರೆ ಈ ಸಲ ಪುಟ್ಟ ತಾನೇ ಬಂದು ಹೇಳಿದ. ಅಮ್ಮನ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದ. ಅಳಿಸಿಹಾಕಬೇಡ, ತಿರುಗಿ ಬೈಯಬೇಡ, ಮೊದಲು ತೋರಿಸು ಅಂತ ನಾವು ಮಾತಾಡಿಕೊಂಡಿದ್ದೆವು. ಅವತ್ತು ಅವನು ಇನ್ನೊಂದು ಮಾತೂ ಹೇಳಿದ. "ನಾನು ಇರಲೇಬಾರದು ಅನ್ಸುತ್ತೆ ಮಿಸ್."

ಇಂಥ ಮಾತು ಕೇಳಿದರೆ ಬಾಯಿಮಾತಿಗೆ ಅಂದಿರಬೇಕು ಅಂತ ಬಿಡಬಾರದು. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಮಗುವಿನ ತಲೆಗೆ ನಾವೇ ಅದನ್ನು ತುಂಬಿದ ಹಾಗಾಗುತ್ತದೆ ಅನ್ನುವುದು ತಪ್ಪು ಭಯ. ಅವನನ್ನು ಒಬ್ಬನೇ ಬಿಡಲಿಲ್ಲ. ಮನೆಯವರನ್ನು ಕರೆಸಿ ಅವತ್ತೇ ಗೆಳತಿಯ ಹತ್ತಿರ ಕರೆದುಕೊಂಡು ಹೋದೆವು. ಹೀಗೆ ಗೆಳತಿ ಇಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಈಗ ನಮ್ಮ ಶಾಲೆಯಲ್ಲಿ ಈ ಎರಡು ನಂಬರನ್ನು ಶೌಚಾಲಯದ ಬಾಗಿಲ ಒಳಬದಿಯಲ್ಲಿ ಬರೆಸಿದ್ದೇವೆ. ಮಗು ಒಂದೇ ಇರುವಾಗ, ಯಾರೂ ನೋಡದ ಹಾಗೆ ಓದಿಕೊಳ್ಳಲಿ ಅಂತ.

ಸ್ಟಿಕರ್ ಮಾಡಿದ ಮಗುವಿನ ಅಪ್ಪ ಅಮ್ಮನಿಗೆ ಸ್ಕ್ರೀನ್‌ಶಾಟ್ ತೋರಿಸಿದೆವು. ಗ್ರೂಪು ಮುಚ್ಚಿತು. ಕ್ಲಾಸಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಕೆಮ್ಮು ಡಿಸೆಂಬರ್‌ವರೆಗೂ ಕೇಳಿಸಿತು. ಒಂದು ಸಲ ಪುಟ್ಟ ತಿರುಗಿ, ದನಿ ಸ್ವಲ್ಪ ನಡುಗಿದರೂ, "ಹೌದು, ನಮ್ಮದು ಭಟ್ಟಿ" ಅಂದು ಕೂತ. ಉಳಿದವರಲ್ಲಿ ಯಾರೂ ನಗಲಿಲ್ಲ.

ಅವರಪ್ಪ ಈಗ ಅವನಿಗೆ ಒಂದು ಕೊಟ್ಟು ಬಾ ಅನ್ನುವುದಿಲ್ಲ. ಬೈಕಿನಲ್ಲಿ ತಾವೇ ಕರೆದುಕೊಂಡು ಬರುತ್ತಾರೆ. ದಾರಿಯಲ್ಲಿ ಮಾರ್ಕ್ಸ್ ವಿಷಯ ಎತ್ತುವುದಿಲ್ಲ, ಇವತ್ತು ಯಾರ ಜೊತೆ ಊಟ ಮಾಡಿದೆ ಅಂತ ಕೇಳುತ್ತಾರಂತೆ. ಭಾನುವಾರ ಅವನು ಒಲೆಯ ಹತ್ತಿರ ಸುಳಿಯಬಾರದು ಅಂತ ನಾನು ಹೇಳಿದ್ದನ್ನೂ ಒಪ್ಪಿದ್ದಾರೆ. ಲೆಕ್ಕದ ಪುಸ್ತಕ ಮನೆಗೇ ಬರುತ್ತದೆ. ಆಟೋದ ಸಮಸ್ಯೆ ಬಗೆಹರಿಸಲು ನಮ್ಮಿಂದ ಆಗಲಿಲ್ಲ. ಅದು ಶಾಲೆಯ ಗಾಡಿ ಅಲ್ಲ, ಒಳಗೆ ದೊಡ್ಡವರು ಅಂತ ಇರುವುದು ಡ್ರೈವರ್ ಒಬ್ಬರೇ. ಬೈಕ್ ಇಲ್ಲದ ಮನೆಯ ಮಗು ಏನು ಮಾಡಬೇಕು ಅನ್ನುವುದಕ್ಕೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಪುಟ್ಟ ಈಗ ಎಂಟನೇ ಕ್ಲಾಸು. ಕ್ಲಾಸ್ ಟೀಚರ್ ಬೇರೆಯವರು. ಆದರೂ ಸೋಮವಾರ ಬೆಳಗ್ಗೆ ನಾನು ಅವರ ಹಾಜರಿ ಪುಸ್ತಕದ ಮೇಲೆ ಒಂದು ಸಲ ಕಣ್ಣು ಹಾಯಿಸುತ್ತೇನೆ. ಹೋದ ಸೋಮವಾರ ಅವನ ಹೆಸರಿನ ಮುಂದೆ ಗೈರು ಅಂತ ಇತ್ತು. ಎದೆ ಧಸಕ್ಕೆಂದಿತು. ಸ್ಟಾಫ್ ರೂಮಿನಿಂದಲೇ ಮನೆಗೆ ಫೋನ್ ಮಾಡಿದೆ. ಅವರಮ್ಮ ಎತ್ತಿದರು.

"ಜ್ವರ ಮೇಡಂ. ರಾತ್ರಿ ಎಲ್ಲ ನೂರೆರಡು ಇತ್ತು" ಅಂದರು. ಒಂದು ಕ್ಷಣ ಬಿಟ್ಟು, ನಾನು ಕೇಳದಿದ್ದರೂ ಹೇಳಿದರು. "ನಿಜವಾಗ್ಲೂ ಜ್ವರಾನೇ ಮೇಡಂ. ಸ್ಕೂಲಿಗೆ ಹೋಗ್ತೀನಿ ಅಂತ ಒಂದೇ ಹಟ. ನಾನೇ ಬೇಡ ಅಂದೆ."